ಜೇಬಿನ ಬಿಡಾರ

ಅಚಾವೊ ಬಂದರಿನ ಮೆಟ್ಟಿಲು ಹತ್ತಿದರೆ ಎಡಕ್ಕೆ ಮೂರನೇ ಬಾಗಿಲು,
ಬಲೆ ಮಾರುವವನಿಗೂ ಬ್ರೆಡ್ಡಿನ ಭಟ್ಟಿಗೂ ನಡುವೆ ನನ್ನದು.
ಸತ್ತ ಲ್ಯಾಪ್‌ಟಾಪುಗಳ ಹೊಟ್ಟೆ ಬಗೆದು
ಬದುಕಿರುವುದನ್ನು ಹೆಕ್ಕಿ ಇನ್ನೊಂದಕ್ಕೆ ಹೊಲಿಯುವ ಕಸುಬು.

ಮಂಗಳವಾರ ಎದುವಿನಾ ಮಿಯಾಲೊಂಕೊ ಬಂದಳು,
ದ್ವೀಪದಿಂದ ದ್ವೀಪಕ್ಕೆ ಲಾಂಚಿನಲ್ಲಿ ಸುತ್ತುವ ನರ್ಸು.
ಅರ್ಧ ಮೂಟೆ ನೇರಳೆ ಆಲೂಗಡ್ಡೆ ಧೊಪ್ಪನೆ ಇಳಿಸಿ ಅಂದಳು:
"ನೋಲ್ಬೆರ್ತೊ, ಒಂಬತ್ತು ದ್ವೀಪ, ಒಂಬತ್ತು ಕಂಪ್ಯೂಟರು,
ಒಂದೊಂದಕ್ಕೂ ಒಂದೊಂದು ಹಟ.
ನನ್ನದು ಉಪ್ಪುನೀರು ಕುಡಿದು ಸತ್ತಿತು, ಇನ್ನು ಹೊರಲಾರೆ.
ಏಪ್ರನ್ನಿನ ಜೇಬಿಗೆ ಹಿಡಿಸುವಂಥದ್ದು ಕೊಡು.
ಯಾವ ಯಂತ್ರಕ್ಕೆ ಚುಚ್ಚಿದರೂ
ಅದು ನನ್ನದಾಗಿ ಏಳಬೇಕು."

ಮೂರು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಇದು ಮರೆಗುಳಿ.
ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟುತ್ತದೆ;
ಯಾರ ಗೆದ್ದಲೂ ಇದಕ್ಕೆ ಹತ್ತದು, ಇದರ ಹೆಜ್ಜೆ ಎಲ್ಲೂ ಮೂಡದು.
ಆದರೆ ಆರಿಸಿದೆಯೋ, ಬರೆದದ್ದೆಲ್ಲ ಉಬ್ಬರಕ್ಕೆ ಸಿಕ್ಕ ಮರಳು.
ನಿನ್ನ ಕೀಲಿಮಣೆ ಸ್ಪ್ಯಾನಿಷ್ ಎಂದು ಕೂಡ
ದಿನಾ ಹೇಳಿಕೊಡಬೇಕು.

ಇದಕ್ಕೊಂದು ಅಟ್ಟವಿದೆ, ನಾಲ್ಕೇ ಗಿಗಾಬೈಟಿನದು.
ನೆನಪಿಡುತ್ತದೆ, ಆದರೆ ಬೇಗ ತುಂಬುತ್ತದೆ;
ಹೇಳದೆ ಕೇಳದೆ ಕಿತ್ತರೆ ಅಟ್ಟದ ಹಲಗೆಯೇ ಮುರಿಯುತ್ತದೆ.
ಬರೆದು ಬರೆದೇ ಸವೆಯುವ ಜಾತಿ.

ಇದು ಪೂರ್ತಿ ಮನೆ. ಬೆಂಕಿಪೊಟ್ಟಣದಷ್ಟು ಡಿಸ್ಕು,
ಬೀಗವೂ ಉಂಟು, ಬಾಯಾರಿದ ಕುದುರೆಯಂತೆ ಓಡುತ್ತದೆ.
ಎಂಬತ್ತು ಸಾವಿರ ಪೆಸೊ.
ಹಳೇ ಯಂತ್ರದ ಸಂದಿಯಲ್ಲಿ ಮಾತ್ರ ಇದೂ ಎತ್ತಿನ ನಡಿಗೆ;
ಹೊಸ ಯಂತ್ರವೋ, ಹೊಸ್ತಿಲಲ್ಲೇ ತಡೆದು ರಹದಾರಿ ಕೇಳುತ್ತದೆ.

ನಾಲ್ಕನೆಯದನ್ನೂ ಶುರುಮಾಡಿದೆ—
ಪರರ ಪಡಸಾಲೆಯಲ್ಲಿ ಡೇರೆ ಹೊಡೆದ ಹಾಗೆ,
ಅವರ ಯಂತ್ರದೊಳಗೇ ಒಂದು ಸುಳ್ಳು ಯಂತ್ರ—
ಅವಳು ಆಕಳಿಸಿದಳು.

"ನಮ್ಮಜ್ಜ ಮನೆಯನ್ನೇ ಒಯ್ದಿದ್ದ, ಗೊತ್ತಾ?
ಕೆಳಗೆ ದಿಮ್ಮಿ, ಮುಂದೆ ಎಂಟು ಜೋಡಿ ಎತ್ತು, ಊರಿಗೆ ಊರೇ ಹಗ್ಗಕ್ಕೆ.
ಉಬ್ಬರ ಬಂದಾಗ ಕಡಲಿಗೆ ನೂಕಿದರು.
ಕಿಟಕಿಯವರೆಗೆ ಮುಳುಗಿ, ಲಾಂಚಿನ ಹಿಂದೆ ತೇಲಿತು
ಕಿನ್ಚಾವೊದಿಂದ ಆಚೆ ದಡಕ್ಕೆ.
ಮನೆ ಬಂತು. ಬಾವಿ ಬರಲಿಲ್ಲ.
ಬಾಗಿಲು ಬಡಗಣಕ್ಕೆ ಮುಖ ಮಾಡಿ ಕೂತುಬಿಟ್ಟಿತು;
ಮಳೆಗಾಳಿಗೆ ಎದೆಕೊಟ್ಟು ಅದನ್ನು ನೂಕುವುದರಲ್ಲೇ
ಅಜ್ಜಿಯ ನಲವತ್ತು ವರ್ಷ ಹೋಯಿತು."

ಅದೇ ಡ್ರೈವರ್ ತೊಂದರೆ, ಅಂದೆ.
ಮನೆಯನ್ನೇನೋ ಜೇಬಿನಲ್ಲಿ ಒಯ್ಯಬಹುದು,
ನೆಲ ಅವರದ್ದೇ.
ಒಂದರಲ್ಲಿ ವೈಫೈ ಸಿಗದು, ಒಂದರಲ್ಲಿ ಪ್ರಿಂಟರು ಮೂಕ.

ಅವಳು ನಗಲಿಲ್ಲ. ದನಿ ತಗ್ಗಿಸಿದಳು.
"ಒಂದು ದ್ವೀಪ, ಯಾವುದೆಂದು ಕೇಳಬೇಡ.
ಒಬ್ಬಳು ಬಾಗಿಲು ಹಾಕಿಕೊಂಡು ತೋಳಿನ ಬಾಸುಂಡೆ ತೋರಿಸಿದಳು.
ಅಲ್ಲಿನ ಕಂಪ್ಯೂಟರಿಗೆ ಅವಳ ಭಾವನೇ ಕಾವಲು.
ಅದನ್ನು ಯಾವುದರಲ್ಲಿ ಬರೆಯಲಿ?"

ಪೂರ್ತಿ ಮನೆಯ ಕಡೆಗಿದ್ದ ನನ್ನ ಬೆರಳು
ತಾನಾಗಿ ಮರೆಗುಳಿಯತ್ತ ಸರಿಯಿತು.

"ಇದು ಮರೆತರೆ, ಇಟ್ಟುಕೊಳ್ಳುವುದು ಯಾರು?"

ಬೀಗದ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದಿತ್ತು.
ಡಿಸ್ಕು ಕಳೆದರೆ? ಬೀಗದ ಮಾತು ಬಲವಂತಕ್ಕೆ ಬಾಯಿಬಿಟ್ಟರೆ?
ಅಳೆದೆ, ತೂಗಿದೆ. ಭಟ್ಟಿಯವಳು ಬ್ರೆಡ್ಡು ಹೊರತೆಗೆದಳು,
ಅಂಗಡಿಯೆಲ್ಲ ಘಮ. ಉತ್ತರ ಹೊಳೆಯಲಿಲ್ಲ.

ಅವಳೇ ಎತ್ತಿಕೊಂಡಳು: ಮರೆಗುಳಿಯನ್ನು ಎದೆಯ ಜೇಬಿಗೆ,
ಅಟ್ಟದ್ದನ್ನು ಲಸಿಕೆಯ ಪಟ್ಟಿಗೆಂದು ಕರ್ಚೀಫಿನಲ್ಲಿ ಗಂಟುಕಟ್ಟಿ.
ಡಿಸ್ಕನ್ನು ಮುಟ್ಟಲಿಲ್ಲ.
"ಅಷ್ಟು ದುಡ್ಡಿಗೆ ಎಷ್ಟು ಆಲೂಗಡ್ಡೆ ಅಗೆಯಬೇಕೋ!"

ಶುಕ್ರವಾರ ರೇಡಿಯೋ ಕೊರಗುಟ್ಟಿತು.
"ಎಫ್ ಹನ್ನೆರಡು ಒತ್ತಿದೆ, ಏಳುತ್ತಿಲ್ಲ!"
ಎಸ್ಕೇಪ್ ಒತ್ತು, ಹಿಡಿದೇ ಇರು, ಅಂದೆ.
ಗಾಳಿ. ಎಲ್ಲೋ ಕೋಳಿ.
"ಎದ್ದಿತು."
ಮತ್ತೆ ಗಾಳಿ. ಆಮೇಲೆ, ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ:
"ಅವಳ ಹೆಸರಿನಲ್ಲೊಂದು ಎಞೆ ಇದೆ.
ಈ ಕೀಲಿಮಣೆಯಲ್ಲಿ
ಅದು ಎಲ್ಲಿದೆ, ಹೇಳು."